ಗಂಗಾಮೂಲದಿಂದ ಕೇಡಗಾಂವ್‌ವರೆಗೆ: ವಿಧವೆಯರು ಹೇಳಿಕೊಂಡ ಬಾಳು, ಕಟ್ಟಿದ ಮನೆ

1896ರ ಕೊನೆಯ ಹೊತ್ತಿಗೆ ಮಧ್ಯಪ್ರಾಂತದಲ್ಲಿ ಬರ ಬಿದ್ದ ಸುದ್ದಿ ಪುಣೆಗೆ ಮುಟ್ಟಿತು. ಅಲ್ಲಿ ವಿಧವೆಯರ ಶಾಲೆ ನಡೆಸುತ್ತಿದ್ದ ಪಂಡಿತಾ ರಮಾಬಾಯಿ ಹೊರಟು ನಿಂತರು. ಹಿಂದಿರುಗುವಾಗ ಅವರ ಜೊತೆಗೆ ಎಲುಬಿನ ಹಂದರವಾಗಿದ್ದ ಹುಡುಗಿಯರಿದ್ದರು. ಹೀಗೆ ಬಂದವರ ಸಂಖ್ಯೆ ಕೆಲವೇ ತಿಂಗಳಲ್ಲಿ ಸುಮಾರು 300ಕ್ಕೆ ಏರಿತು. ಇಷ್ಟು ಜನರಿಗೆ ಅನ್ನ ಎಲ್ಲಿಂದ ಎಂದು ಕೇಳುವವರಿಗೆ ರಮಾಬಾಯಿ ಲೆಕ್ಕಪತ್ರ ತೋರಿಸಲಿಲ್ಲ, ತಮ್ಮ ಕಥೆ ಹೇಳಿದರು. ಎರಡು ದಶಕಗಳ ಹಿಂದಿನ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವಿನಿಂದ ತೀರಿಕೊಂಡದ್ದನ್ನು ಅವರು ಕೂತು ಬರೆದರು. 1897ರ ಆ ಬರಹ ಒಬ್ಬ ಹೆಣ್ಣುಮಗಳ ದುಃಖದ ದಾಖಲೆ. ಒಂದು ಸಂಸ್ಥೆಯ ಅಡಿಪಾಯದ ಕಲ್ಲೂ ಅದೇ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಶ್ಚಿಮ ಭಾರತದ ವಿಧವೆಯರು ಹೇಳಿಕೊಂಡ ಬಾಳಿನ ಕಥೆಗಳನ್ನು ನಾವು ಸಾಮಾನ್ಯವಾಗಿ ಸಾಹಿತ್ಯವೆಂದೋ ಸಮಾಜ ಸುಧಾರಣೆಯ ಅಡಿಟಿಪ್ಪಣಿಯೆಂದೋ ಓದುತ್ತೇವೆ. ಈ ಓದು ಸಾಲದು. ಆ ಕಥೆಗಳು ಕೆಲಸ ಮಾಡಿದವು: ಹಣ ತಂದವು, ಕಟ್ಟಡ ಎಬ್ಬಿಸಿದವು, ಮುಂದಿನ ಹುಡುಗಿ ಏನು ಕಲಿಯಬೇಕು ಎಂಬುದನ್ನೂ ನಿರ್ಧರಿಸಿದವು.

ಹೆಣ್ಣು ತನ್ನ ಬದುಕನ್ನು ತಾನೇ ಬರೆಯುವ ರೂಢಿ ರಮಾಬಾಯಿಯವರಿಂದ ಶುರುವಾದದ್ದಲ್ಲ. 1855ರಲ್ಲೇ ಫುಲೆ ದಂಪತಿಯ ಶಾಲೆಯಲ್ಲಿ ಓದುತ್ತಿದ್ದ, ಮಾಂಗ್ ಜಾತಿಯ ಹುಡುಗಿ ಮುಕ್ತಾಬಾಯಿ ತನ್ನವರ ಸಂಕಟದ ಬಗ್ಗೆ ಬರೆದ ಪ್ರಬಂಧ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆಗ ಆಕೆಗೆ ಹದಿನಾಲ್ಕರ ಆಸುಪಾಸು. ಅತ್ತ ಬಂಗಾಳದಲ್ಲಿ ರಾಸಸುಂದರೀ ದೇವಿ ಧರ್ಮಗ್ರಂಥವೊಂದರ ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗ ಬರೆದ ತಾಳೆಗರಿಯ ಅಕ್ಷರಗಳ ಜೊತೆ ಹೋಲಿಸುತ್ತ ಓದು ಕಲಿತರು. ಅವರ ‘ಆಮಾರ್ ಜೀಬನ್’ 1876ರಲ್ಲಿ ಪ್ರಕಟವಾಯಿತು. ಇಬ್ಬರದೂ ಎದೆ ನಡುಗಿಸುವ ಬರಹ. ಆದರೆ ಮುಕ್ತಾಬಾಯಿ ಬರೆಯುವ ಹೊತ್ತಿಗೆ ಶಾಲೆ ಮೊದಲೇ ಇತ್ತು. ರಾಸಸುಂದರಿಯ ಕಥೆ ಮನೆಯ ಗೋಡೆಯೊಳಗೇ ಉಳಿಯಿತು. ಕಥೆಯನ್ನು ಕೈಯಲ್ಲಿ ಹಿಡಿದು ಮನೆ ಕಟ್ಟಲು ಹೊರಟವರು ರಮಾಬಾಯಿ.

ಅವರ ಕಥೆ ಆರಂಭವಾಗುವುದು ಕನ್ನಡದ ಕಾಡಿನಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ವಿದ್ವಾಂಸರು, ಕರಾವಳಿಯ ಚಿತ್ಪಾವನ ಮನೆತನದವರು. ಪುಣೆಯಲ್ಲಿ ಅವರ ಗುರುಗಳು ಪೇಶ್ವೆಯ ಮನೆಯ ಹೆಣ್ಣುಮಗಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಅದನ್ನು ಕಂಡ ಹುಡುಗ ಅನಂತಶಾಸ್ತ್ರಿ ತನ್ನ ಹೆಂಡತಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಎರಡನೆಯ ಪತ್ನಿ ಲಕ್ಷ್ಮೀಬಾಯಿಗೆ ಕಲಿಸತೊಡಗಿದಾಗ ಊರು ಗದ್ದಲವೆಬ್ಬಿಸಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಣ್ಣಿಗೆ ಸಂಸ್ಕೃತ ನಿಷಿದ್ಧವಲ್ಲ ಎಂದು ಅವರು ವಾದಿಸಬೇಕಾಯಿತು. ಕೊನೆಗೆ ಊರಿನ ಸಹವಾಸವೇ ಬೇಡವೆಂದು ಕಾಡು ಸೇರಿ ಅಲ್ಲೇ ಮನೆ ಮಾಡಿದರು. ಮಗಳಿಗೆ ಅಕ್ಷರ ಕಲಿಸಿದ್ದು ತಾಯಿ. 1887ರಲ್ಲಿ ರಮಾಬಾಯಿ ತಮ್ಮ ಅತಿ ಪ್ರಸಿದ್ಧ ಪುಸ್ತಕವನ್ನು ಅರ್ಪಿಸಿದ್ದೂ ಆ ತಾಯಿಯ ನೆನಪಿಗೆ.

ಮಗುವಿಗೆ ಆರು ತಿಂಗಳಾಗುವಾಗ ಕುಟುಂಬ ಗಂಗಾಮೂಲ ಬಿಟ್ಟಿತು. ಹಸುಗೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಹೊತ್ತು ತಂದರಂತೆ. ಮುಂದಿನ ಹದಿನೈದು ವರ್ಷ ತೀರ್ಥದಿಂದ ತೀರ್ಥಕ್ಕೆ ಅಲೆದಾಟ. ದೇವಸ್ಥಾನದ ಜಗಲಿಯಲ್ಲೋ ನದಿಯ ಘಟ್ಟದಲ್ಲೋ ಕೂತು ಪುರಾಣ ಹೇಳುವುದು, ಕೇಳಿದವರು ಇಟ್ಟ ಅಕ್ಕಿ, ಕಾಸಿನಲ್ಲಿ ಬದುಕುವುದು. ರಮಾಬಾಯಿಗೆ ಭಾಗವತದ ಸಾವಿರಾರು ಶ್ಲೋಕಗಳು ಬಾಯಿಗೆ ಬಂದದ್ದು ಹೀಗೆ. ಜನರ ಮುಂದೆ ಕೂತು ಕಥೆ ಹೇಳಿ ಹೊಟ್ಟೆ ಹೊರೆಯುವ ಕಲೆ ಅವರಿಗೆ ಎಳವೆಯಲ್ಲೇ ದಕ್ಕಿತ್ತು ಎಂಬುದನ್ನು ಮರೆಯಬಾರದು. ಮುಂದೆ ಬಾಸ್ಟನ್ನಿನ ಸಭಾಂಗಣಗಳಲ್ಲಿ ನೂರಾರು ಜನರನ್ನು ಹಿಡಿದಿಟ್ಟ ಮಾತು ಪುರಾಣಿಕರ ಮನೆಯದು.

1870ರ ದಶಕದ ಬರ ಆ ಬದುಕನ್ನು ಮುರಿಯಿತು. ಪುರಾಣ ಕೇಳುವವರಿಲ್ಲ, ಕೊಡುವವರಿಲ್ಲ. ಒಡವೆ, ಪಾತ್ರೆಗಳನ್ನು ಮಾರಿದರು. ಕೈಗೆ ಬಂದ ಹಣವನ್ನು ವ್ರತಗಳಿಗೂ ದಾನಕ್ಕೂ ಸುರಿದರು. ಸಾಯುವುದೇ ಆದರೆ ಕಾಣದಂತೆ ಸಾಯೋಣವೆಂದು ಕಾಡು ಹೊಕ್ಕು ಸೊಪ್ಪು, ಈಚಲ ಹಣ್ಣು ತಿಂದು ದಿನ ದೂಡಿದರು. 1874ರಲ್ಲಿ ತಂದೆ ಹೋದರು, ತಿಂಗಳುಗಳೊಳಗೆ ತಾಯಿ, ಬಳಿಕ ಅಕ್ಕ. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಕಾಲ್ನಡಿಗೆಯಲ್ಲಿ ದೇಶದ ಉದ್ದಗಲ ಅಲೆದ ಅವರು ಝೀಲಂ ನದಿಯ ದಡದಲ್ಲಿ ಚಳಿ ತಾಳಲಾರದೆ ಮರಳಲ್ಲಿ ಗುಂಡಿ ತೋಡಿ, ಮರಳನ್ನೇ ಹೊದ್ದು ಮಲಗಿದರು. ಈ ಚಿತ್ರ ಅವರ ಆತ್ಮಕಥನದಲ್ಲಿದೆ.

ಇಲ್ಲಿ ನಿಂತು ನೋಡಬೇಕಾದ ಸಂಗತಿಯೊಂದಿದೆ. ಈ ದುರಂತಕ್ಕೆ ರಮಾಬಾಯಿ ಬರವನ್ನಷ್ಟೇ ದೂರುವುದಿಲ್ಲ. ದುಡಿದು ತಿನ್ನುವ ಯಾವ ಕಸುಬನ್ನೂ ತಮ್ಮ ಮನೆಯವರು ಕಲಿತಿರಲಿಲ್ಲ, ಕೂಲಿಗೆ ಹೋಗಲು ಜಾತಿಯ ಹೆಮ್ಮೆ ಬಿಡಲಿಲ್ಲ ಎಂದು ಅವರು ನೇರವಾಗಿ ಬರೆಯುತ್ತಾರೆ. ತನ್ನ ಮೆಚ್ಚಿನ ತಂದೆತಾಯಿಯ ಬಗ್ಗೆ ಮಗಳೊಬ್ಬಳು ಹೀಗೆ ಬರೆಯಲು ಬಹಳ ಧೈರ್ಯ ಬೇಕು. ಇಷ್ಟು ಕಟುವಾದ ಆತ್ಮಪರೀಕ್ಷೆ ಆ ಕಾಲದ ಬರಹಗಳಲ್ಲಿ ಅಪರೂಪ. ಅದರ ಫಲ ಮುಂದೆ ಕಾಣಿಸಿತು.

1878ರಲ್ಲಿ ಅಣ್ಣ-ತಂಗಿ ಕಲ್ಕತ್ತಕ್ಕೆ ಬಂದರು. ಇಪ್ಪತ್ತರ ಹುಡುಗಿಯ ಸಂಸ್ಕೃತಕ್ಕೆ ಬೆರಗಾದ ವಿದ್ವಾಂಸರು ‘ಪಂಡಿತಾ’, ‘ಸರಸ್ವತೀ’ ಎಂದು ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಹೋದ. ಅದೇ ವರ್ಷ ಜಾತಿ ಮೀರಿ ವಕೀಲ ಬಿಪಿನ್ ಬಿಹಾರಿ ದಾಸರ ಜೊತೆ ಮದುವೆ, 1881ರಲ್ಲಿ ಮಗಳು ಮನೋರಮೆ, 1882ರ ಆರಂಭದಲ್ಲಿ ಕಾಲರಾಕ್ಕೆ ಗಂಡ ಬಲಿ. ಇಪ್ಪತ್ತಮೂರಕ್ಕೆ ವಿಧವೆ. ಆ ವರ್ಷವೇ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. 1883ರಲ್ಲಿ ಇಂಗ್ಲೆಂಡಿಗೆ ಹೋದರು, ಅಲ್ಲೇ ಕ್ರೈಸ್ತ ದೀಕ್ಷೆ ಪಡೆದರು. 1886ರಲ್ಲಿ ಬಂಧು ಆನಂದೀಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆಯುವುದನ್ನು ಕಣ್ಣಾರೆ ನೋಡಲು ಅಮೆರಿಕಕ್ಕೆ ಹೊರಟರು.

ಸಂಶೋಧಕರ ಗಮನಕ್ಕೆ ಯೋಗ್ಯವಾದ ಭಾಗ ಇಲ್ಲಿಂದಾಚೆಗೆ. ಒಂದೇ ಬಾಳು ಮೂರು ಬಾರಿ, ಮೂರು ರೀತಿ, ಮೂರು ಬಗೆಯ ಕೇಳುಗರಿಗೆ ಹೇಳಲ್ಪಟ್ಟಿತು. 1887ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾದ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಕೃತಿಯಲ್ಲಿ ಬಾಲ್ಯವಿವಾಹ, ವೈಧವ್ಯ, ಕೇಶಮುಂಡನ, ಮನುಸ್ಮೃತಿ ಎಲ್ಲ ಇವೆ. ರಮಾಬಾಯಿ ಮಾತ್ರ ಹಿಂದೆ ಸರಿದು ನಿಂತಿದ್ದಾರೆ. ಅವರ ಜೀವನವನ್ನು ಅಮೆರಿಕದ ಓದುಗರಿಗೆ ಹೇಳಿದ್ದು ಮುನ್ನುಡಿ ಬರೆದ ರೇಚಲ್ ಬಾಡ್ಲಿ, ಆನಂದೀಬಾಯಿ ಓದಿದ ಮಹಿಳಾ ವೈದ್ಯ ಕಾಲೇಜಿನ ಡೀನ್. ಆ ಪುಸ್ತಕದ ಮಾರಾಟ, ಊರೂರಿನ ಉಪನ್ಯಾಸ, ‘ರಮಾಬಾಯಿ ಸರ್ಕಲ್’ಗಳ ವಂತಿಗೆ ಸೇರಿ ಬಾಸ್ಟನ್ನಿನಲ್ಲಿ ಸಂಘವೊಂದು ಹುಟ್ಟಿ, ಹತ್ತು ವರ್ಷ ಹಣ ಕಳಿಸುವ ಹೊಣೆ ಹೊತ್ತಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರ ಶಾಲೆ ಶಾರದಾ ಸದನ ತೆರೆಯಿತು, ಬಳಿಕ ಪುಣೆಗೆ ಬಂತು.

ಎರಡನೆಯ ಬಾರಿ, 1897ರ ಬರದ ಹೊತ್ತಿನಲ್ಲಿ, ಅವರೇ ಹೇಳಿದರು. ಅದು ಹಸಿವಿನ ಕಥೆ. ಮೂರನೆಯದು 1907ರ ‘ಎ ಟೆಸ್ಟಿಮೊನಿ’. ಅದರಲ್ಲಿ ಬಾಳಿನ ಪ್ರತಿ ತಿರುವೂ ಕ್ರಿಸ್ತನ ಕಡೆಗೆ ನಡೆಸಿದ ಹಾದಿ. ಅದೇ ಕಾಡು, ಅದೇ ತಂದೆ, ಅದೇ ಹಸಿವು, ಆದರೆ ಅರ್ಥ ಬೇರೆ. ಈ ವ್ಯತ್ಯಾಸ ಕಂಡು ರಮಾಬಾಯಿ ಪ್ರಾಮಾಣಿಕರಲ್ಲ ಎಂದು ತೀರ್ಮಾನಿಸುವುದು ಆತುರ. ಬಾಳು ಹೇಳಿಕೊಳ್ಳುವವರೆಲ್ಲರೂ ಎದುರು ಕೂತವರ ಮುಖ ನೋಡಿಯೇ ಹೇಳುತ್ತಾರೆ. ಆದರೂ ಹಣ ಕೊಡುವವರ ದೇಶದಲ್ಲಿ ಹೇಳಿದ ಕಥೆಗೆ ಒಂದು ಬೆಲೆ ತೆರಬೇಕಾಗುತ್ತದೆ. ಹಿಂದೂ ಸಮಾಜದ ಕತ್ತಲೆಯನ್ನು ಹೊರಗಿನವರ ಮುಂದೆ ಹರಡಿದರೆಂಬ ಸಿಟ್ಟು ಇಲ್ಲಿ ಬೆಳೆಯಿತು. ಸದನದ ಹುಡುಗಿಯರು ರಮಾಬಾಯಿಯ ಪ್ರಾರ್ಥನೆಗೆ ಹೋಗುತ್ತಾರೆಂಬ ಸುದ್ದಿ 1893ರಲ್ಲಿ ಪುಣೆಯಲ್ಲಿ ಬಿರುಗಾಳಿಯೆಬ್ಬಿಸಿತು. ಸುಧಾರಕರಾದ ರಾನಡೆ, ಭಂಡಾರ್ಕರ್ ಸದನದ ಸಲಹಾ ಮಂಡಳಿಯಿಂದ ಹೊರಬಂದರು, ಹಲವು ಮನೆಯವರು ಹುಡುಗಿಯರನ್ನು ಕರೆದೊಯ್ದರು. ಆ ಬಿಕ್ಕಟ್ಟಿನಲ್ಲಿ ಎರಡು ಕಡೆಗೂ ತಮ್ಮದೇ ಕಾರಣಗಳಿದ್ದವು. ನಷ್ಟವಾದದ್ದು ಓದು ಅರ್ಧಕ್ಕೆ ನಿಂತ ಬಾಲವಿಧವೆಯರಿಗೆ.

ಇನ್ನು ಕೇಡಗಾಂವ್. ಪುಣೆಯ ಬಳಿಯ ಈ ಹಳ್ಳಿಯಲ್ಲಿ ಬರಗಾಲದ ಮಕ್ಕಳಿಗಾಗಿ ‘ಮುಕ್ತಿ’ ಎಂಬ ಆಶ್ರಯಧಾಮ ಎದ್ದು ನಿಂತಿತು. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರು ಹತ್ತಿರ ಹತ್ತಿರ 2000. ಅಲ್ಲಿ ಕಲಿಸಿದ್ದೇನೆಂದು ನೋಡಿದರೆ ರಮಾಬಾಯಿಯ ಆತ್ಮಪರೀಕ್ಷೆ ಎಲ್ಲಿಗೆ ಬಂದು ಮುಟ್ಟಿತೆಂದು ತಿಳಿಯುತ್ತದೆ. ಅಕ್ಷರದ ಜೊತೆಗೆ ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ತೋಟ, ಹೈನು, ಅಚ್ಚುಕೂಟದ ಮೊಳೆ ಜೋಡಣೆ. ಕುರುಡು ಹೆಣ್ಣುಮಕ್ಕಳಿಗೆ ಬ್ರೈಲ್. ಸಾವಿರಾರು ಶ್ಲೋಕ ಬಾಯಲ್ಲಿದ್ದೂ ದುಡಿಯಲು ಬಾರದೆ ಉಪವಾಸ ಸತ್ತ ಮನೆಯ ಮಗಳು ಇನ್ನೊಬ್ಬಳಿಗೆ ಆ ಗತಿ ಬಾರದಿರಲೆಂದು ಕಟ್ಟಿದ ಪಠ್ಯಕ್ರಮ ಇದು. ಅವರು ಮೂಲಭಾಷೆಗಳಿಂದ ಮರಾಠಿಗೆ ತಂದ ಬೈಬಲ್ ಅಚ್ಚಾದದ್ದು ಆ ಹೆಂಗಸರ ಕೈಯಲ್ಲೇ. ಮಗಳು ಮನೋರಮೆಯ ಕಾಲದಲ್ಲಿ ಈ ಕೆಲಸದ ಒಂದು ಕೊಂಬೆ ಗುಲ್ಬರ್ಗದವರೆಗೆ ಚಾಚಿ ಅಲ್ಲಿ ಹೆಣ್ಣುಮಕ್ಕಳ ಶಾಲೆಯಾಯಿತು.

ಕಥೆಯಿಂದ ಕಥೆ ಹುಟ್ಟುವುದನ್ನು ನೋಡಬೇಕಾದರೆ ಶಾರದಾ ಸದನದ ಮೊದಲ ದಿನಗಳಿಗೆ ಮರಳಬೇಕು. ಅಲ್ಲಿಗೆ ಬಂದ ಮೊದಲ ವಿಧವೆ ಗೋದೂಬಾಯಿ, ಕೊಂಕಣದ ದೇವರುಖದವರು. ಎಂಟರಲ್ಲಿ ಮದುವೆಯಾಗಿ ಕೆಲವೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡಿದ್ದವರು. 1893ರಲ್ಲಿ ಅವರು ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಕರ್ವೆ ಆದರು. ಊರು ಬಹಿಷ್ಕರಿಸಿತು. 1896ರಲ್ಲಿ ಕರ್ವೆ ತಾವೇ ವಿಧವೆಯರ ಆಶ್ರಮ ತೆರೆದರು, ಮುಂದೆ ಅದು ಹಿಂಗಣೆಯಲ್ಲಿ ಬೇರೂರಿತು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭಿಸಿದವರೂ ಅವರೇ.

ಗೋದೂಬಾಯಿಯ ತಂಗಿ ಪಾರ್ವತೀಬಾಯಿ ಆಠವಲೆಯವರದು ಇನ್ನೊಂದು ದಾರಿ. ಇಪ್ಪತ್ತರ ಸುಮಾರಿಗೆ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಕೈಯಲ್ಲೊಬ್ಬ ಮಗನನ್ನು ಹಿಡಿದು ನಿಂತವರು. ಹಿಂಗಣೆ ಸೇರಿ ಓದಿದರು. ಆಮೇಲೆ ಆಶ್ರಮಕ್ಕಾಗಿ ಊರೂರು ತಿರುಗಿ ವಂತಿಗೆ ಎತ್ತತೊಡಗಿದರು. ಕೇಶಮುಂಡನವನ್ನು ನಡುವಯಸ್ಸಿನಲ್ಲಿ ಬಿಟ್ಟರು; ಮಡಿವಂತ ಸಮಾಜದಲ್ಲಿ ಸಕೇಶಿ ವಿಧವೆಯ ಮುಖ ನೋಡುವುದೂ ಅಪಶಕುನವಾಗಿದ್ದ ಕಾಲವದು. ಇಂಗ್ಲಿಷ್ ಸರಿಯಾಗಿ ಬಾರದಿದ್ದರೂ ಅಮೆರಿಕಕ್ಕೆ ಹೋಗಿ, ಅಲ್ಲಿ ಮನೆಗೆಲಸ ಮಾಡಿಕೊಂಡು ಆಶ್ರಮಕ್ಕೆ ಹಣ ಕೂಡಿಸಿದರು. ಅವರ ‘ಮಾಝೀ ಕಹಾಣಿ’ 1928ರಲ್ಲಿ ಬಂತು, 1930ರಲ್ಲಿ ಇಂಗ್ಲಿಷಿಗೆ ಹೋಯಿತು. ಅಕ್ಕ ಆನಂದೀಬಾಯಿ ‘ಮಾಝೇ ಪುರಾಣ’ ಎಂದು ತಮ್ಮ ಬಾಳನ್ನು ಬರೆದರು. ರಮಾಬಾಯಿ, ಆನಂದೀಬಾಯಿ, ಪಾರ್ವತೀಬಾಯಿ: ಒಬ್ಬರ ಮನೆಯಲ್ಲಿ ಆಶ್ರಯ ಪಡೆದವರ ಕುಟುಂಬ ಇನ್ನೊಂದು ಮನೆ ಕಟ್ಟಿತು, ಮೂವರೂ ಬರೆದರು.

ಕನ್ನಡದಲ್ಲಿ ಈ ಹರಿವು ಬೇರೆ ಕಾಲುವೆ ಹಿಡಿಯಿತು. ನಂಜನಗೂಡಿನ ತಿರುಮಲಾಂಬಾ (1887–1982) ಹತ್ತಕ್ಕೆ ಮದುವೆಯಾಗಿ ಹದಿನಾಲ್ಕಕ್ಕೆ ವಿಧವೆಯಾದವರು. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ತೆರೆದು ‘ಸುಶೀಲೆ’ ಕಾದಂಬರಿ ಪ್ರಕಟಿಸಿದರು, ಬಳಿಕ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮ, ಅವರೂ ಬಾಲವಿಧವೆ, 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆ ಆರಂಭಿಸಿ ನಾಲ್ಕು ದಶಕಗಳಷ್ಟು ಕಾಲ ನಡೆಸಿದರು, ಮಕ್ಕಳ ಕೂಟ ಕಟ್ಟಿದರು. ಮರಾಠಿ ಸೋದರಿಯರು ‘ನಾನು’ ಎಂದು ಬರೆದಲ್ಲಿ ಇವರು ಕಾದಂಬರಿಯ ನಾಯಕಿಯನ್ನೋ ಪತ್ರಿಕೆಯ ಸಂಪಾದಕೀಯವನ್ನೋ ಮುಂದಿಟ್ಟರು. ಸ್ವಂತ ದುಃಖವನ್ನು ಹೀಗೆ ಸೆರಗಿನೊಳಗೆ ಇಟ್ಟುಕೊಂಡದ್ದರಿಂದ ಬೆಲೆಯನ್ನೂ ತೆತ್ತರು: ತಿರುಮಲಾಂಬಾ ಬದುಕಿದ್ದಾಗಲೇ ಓದುಗರ ನೆನಪಿನಿಂದ ಸರಿದುಹೋಗಿದ್ದರು. ಅವರನ್ನು ಮತ್ತೆ ಬೆಳಕಿಗೆ ತರಲು ವಿಜಯಾ ದಬ್ಬೆಯವರಂಥ ಸಂಶೋಧಕಿಯರು ಹುಡುಕಿ ಹೊರಡಬೇಕಾಯಿತು.

ರಮಾಬಾಯಿ 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ತೀರಿಕೊಂಡರು. ಮಗಳು ಮನೋರಮೆ ಹಿಂದಿನ ವರ್ಷವೇ ಹೋಗಿದ್ದರು. ರಮಾಬಾಯಿಯವರ ಬರಹ, ಪತ್ರಗಳು ಉಳಿದದ್ದರಿಂದಲೇ ಮೂರು ರೀತಿ ಹೇಳಿದ ಒಂದು ಬಾಳನ್ನು ಇಂದು ಪಕ್ಕಪಕ್ಕ ಇಟ್ಟು ಓದಬಹುದಾಗಿದೆ. ಕನ್ನಡದ ಮನೆಗಳ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ, ವೈಧವ್ಯದ ಕೆಂಪು ಸೀರೆ ಉಟ್ಟು ಬಾಳು ಸವೆಸಿದ ಅಜ್ಜಿಯರು ಬರೆದಿಟ್ಟ ಹಾಡಿನ ಪುಸ್ತಕ, ಲೆಕ್ಕದ ಚೋಪಡಿ, ಕಾಗದಗಳು ಇನ್ನೂ ಇರಬಹುದು. ಮನೆ ಖಾಲಿ ಮಾಡುವಾಗ ಅವನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ಓದಿ. ನಿಮಗೆ ಬೇಡವಾದರೆ ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಒಯ್ದು ಕೊಡಿ.