ಹೋರಾಟದ ಹಣಕ್ಕೂ ಲೆಕ್ಕವಿದೆ: ಸೊಲ್ಲಾಪುರ, ಅಕ್ಕಲಕೋಟದಲ್ಲಿ ಅದು ಎಲ್ಲಿ ಸಿಗುತ್ತದೆ?

ಸೊಲ್ಲಾಪುರ ಅಂದರೆ ನಮ್ಮ ಕರಾವಳಿಯ ಅಂಗಡಿಯವರಿಗೆ ಚಾದರ, ಟವೆಲ್ ನೆನಪಾಗುತ್ತದೆ. ಅದೇ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಇವತ್ತಿಗೂ ಕನ್ನಡ. 1967ರ ಮಹಾಜನ ವರದಿ ಈ ತಾಲೂಕನ್ನು ಕರ್ನಾಟಕಕ್ಕೆ ಕೊಡಲು ಶಿಫಾರಸು ಮಾಡಿತ್ತು. ಅದು ಜಾರಿಯಾಗಲಿಲ್ಲ. ಹಾಗಾಗಿ ಗಡಿ, ಕನ್ನಡ ಶಾಲೆ, ನೀರು ಅಂತ ದನಿ ಎತ್ತುವ ಸಂಘಗಳು ಅಲ್ಲಿ ಬೇಕೇ ಬೇಕು. ಸಂಘ ಇದ್ದಲ್ಲಿ ವಂತಿಗೆ ಇರುತ್ತದೆ. ವಂತಿಗೆ ಇದ್ದಲ್ಲಿ "ಹಣ ಎಲ್ಲಿ ಹೋಯ್ತು?" ಎಂಬ ಮಾತೂ ಇರುತ್ತದೆ. ಜಗಳವಿಲ್ಲದೆ ಇದಕ್ಕೆ ಉತ್ತರ ಪಡೆಯುವ ದಾರಿ ಮಹಾರಾಷ್ಟ್ರದಲ್ಲಿ 1950ರಿಂದಲೇ ಇದೆ.

ಕಾನೂನು ಏನು ಹೇಳುತ್ತದೆ?

1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಗೆ ಈಗ ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ ಎಂದು ಹೆಸರು. ಸೊಲ್ಲಾಪುರ ಜಿಲ್ಲೆಯ ಟ್ರಸ್ಟ್‌ಗಳ ಕಡತ ಅಲ್ಲಿನ ಚಾರಿಟಿ ಕಮಿಷನರ್ ಕಚೇರಿಯಲ್ಲಿರುತ್ತದೆ. ಮುಖ್ಯ ಕಲಂಗಳು ಇವು:

ಕಲಂ 18: ಟ್ರಸ್ಟ್ ನೋಂದಣಿ ಕಡ್ಡಾಯ.
ಕಲಂ 22: ಟ್ರಸ್ಟಿ ಅಥವಾ ಆಸ್ತಿ ಬದಲಾದರೆ 90 ದಿನದೊಳಗೆ ತಿಳಿಸಬೇಕು.
ಕಲಂ 32, 33: ಲೆಕ್ಕ ಬರೆದಿಡಬೇಕು, ವರ್ಷಕ್ಕೊಮ್ಮೆ ಆಡಿಟ್ ಮಾಡಿಸಬೇಕು.
ಕಲಂ 34: ಆಡಿಟರ್ ತನ್ನ ವರದಿಯನ್ನು ಕಚೇರಿಗೂ ಕಳಿಸಬೇಕು, ಅಕ್ರಮ ಕಂಡರೆ ಅದರಲ್ಲಿ ಬರೆಯಬೇಕು.
ಕಲಂ 36: ಸ್ಥಿರಾಸ್ತಿ ಮಾರಲು ಮೊದಲೇ ಅನುಮತಿ ಬೇಕು.
ಕಲಂ 41ಸಿ: ಧರ್ಮಕಾರ್ಯದ ಹೆಸರಲ್ಲಿ ಹಣ ಎತ್ತುವುದಕ್ಕೆ ಸಂಬಂಧಿಸಿದ್ದು. ಗಣೇಶೋತ್ಸವ ಮಂಡಳಿಗಳು ಇದರಡಿಯಲ್ಲೇ ಅನುಮತಿ ಪಡೆಯುತ್ತವೆ.

ನಮ್ಮ ಕರ್ನಾಟಕದಲ್ಲಿ ಚಾರಿಟಿ ಕಮಿಷನರ್ ಹುದ್ದೆ ಇಲ್ಲ. ಸಂಘವಾದರೆ ಸಹಕಾರ ಇಲಾಖೆಯ ನೋಂದಣಾಧಿಕಾರಿ ಕಚೇರಿ, ಟ್ರಸ್ಟ್ ಆದರೆ ಪತ್ರ ನೋಂದಣಿಯಾದ ಸಬ್ ರಿಜಿಸ್ಟ್ರಾರ್ ಕಚೇರಿ.

ರಾಳೇಗಣಸಿದ್ಧಿಯ ಪಾಠ

ಸೊಲ್ಲಾಪುರದ ಪಕ್ಕದ ಅಹಮದ್‌ನಗರ ಜಿಲ್ಲೆ (ಈಗ ಅಹಿಲ್ಯಾನಗರ) ಅಣ್ಣಾ ಹಜಾರೆಯವರದ್ದು. ಭ್ರಷ್ಟಾಚಾರದ ಆರೋಪಗಳನ್ನು ವಿಚಾರಿಸಲು 2003ರಲ್ಲಿ ನೇಮಕವಾದ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಆಯೋಗ, ಸಚಿವರ ಜೊತೆಗೆ ಹಜಾರೆಯವರಿಗೆ ಸಂಬಂಧಿಸಿದ ಟ್ರಸ್ಟ್‌ಗಳ ಲೆಕ್ಕವನ್ನೂ ನೋಡಿತು. 2005ರ ವರದಿಯಲ್ಲಿ ಕೆಲವು ಸಚಿವರ ಮೇಲೆ ದೋಷ ಹೊರಿಸಿತು. ಅದೇ ವರದಿ, ಹಜಾರೆಯವರ ಹುಟ್ಟುಹಬ್ಬಕ್ಕೆ ಹಿಂದ್ ಸ್ವರಾಜ್ ಟ್ರಸ್ಟ್‌ನಿಂದ 2.20 ಲಕ್ಷ ರೂಪಾಯಿ ಖರ್ಚು ಮಾಡಿದ್ದು ಕಾನೂನುಬಾಹಿರ, ಭ್ರಷ್ಟ ನಡವಳಿಕೆ ಎಂದಿತು. ಉದ್ಯಮಿಯೊಬ್ಬರು ಆಮೇಲೆ 2.48 ಲಕ್ಷ ರೂಪಾಯಿ ಟ್ರಸ್ಟ್‌ಗೆ ಕೊಟ್ಟಿದ್ದರೂ ಆಯೋಗದ ಅಭಿಪ್ರಾಯ ಬದಲಾಗಲಿಲ್ಲ.

ಇಲ್ಲಿ ತಿಳಿಯಬೇಕಾದ್ದು ಇಷ್ಟೇ: ಉದ್ದೇಶ ಎಷ್ಟೇ ದೊಡ್ಡದಿರಲಿ, ಟ್ರಸ್ಟ್ ಪತ್ರದಲ್ಲಿ ಬರೆದ ಕೆಲಸಕ್ಕೆ ಮಾತ್ರ ಹಣ ಹೋಗಬೇಕು. "ಆಮೇಲೆ ತುಂಬಿದೆವಲ್ಲ" ಅಂದರೆ ನಡೆಯುವುದಿಲ್ಲ.

ಮುಸ್ಲಿಂ ಟ್ರಸ್ಟ್ ಆದರೆ?

ವಕ್ಫ್ ಆದರೆ ಮಹಾರಾಷ್ಟ್ರ ವಕ್ಫ್ ಮಂಡಳಿಗೆ ಲೆಕ್ಕ ಕೊಡಬೇಕು. ಆದರೆ ಮುಸ್ಲಿಮರು ಕಟ್ಟಿದ ಟ್ರಸ್ಟ್‌ಗಳೆಲ್ಲ ವಕ್ಫ್ ಅಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ "ನಿಮ್ಮ ನೋಂದಣಿ ಎಲ್ಲಿ?" ಎಂಬುದೇ ಮೊದಲ ಪ್ರಶ್ನೆ.

ಸರ್ಕಾರದ ಹಣ, ವಿದೇಶದ ಹಣ

ಸರ್ಕಾರದಿಂದ ಗಣನೀಯ ನೆರವು ಪಡೆಯುವ ಖಾಸಗಿ ಸಂಸ್ಥೆಯೂ ಮಾಹಿತಿ ಹಕ್ಕಿನಡಿ ಬರುತ್ತದೆ ಎಂದು 2019ರ ಡಿಎವಿ ಕಾಲೇಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅನುದಾನದ ಮೇಲೆ ನಡೆಯುವ ಶಾಲೆ, ಸಂಘಗಳಿಗೆ ಇದು ನೆನಪಿರಲಿ.

ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಅನುಮತಿ ಬೇಕು. 2020ರ ತಿದ್ದುಪಡಿಯಂತೆ ಹಣ ಮೊದಲು ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ಖರ್ಚು 20% ಮೀರುವ ಹಾಗಿಲ್ಲ. ಗಲ್ಫ್‌ನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. 2022ರ ಜುಲೈಯಲ್ಲಿ ಗೃಹ ಸಚಿವಾಲಯ ಸಂಸ್ಥೆಗಳ ವಾರ್ಷಿಕ ಲೆಕ್ಕವನ್ನು ತನ್ನ ಜಾಲತಾಣದಿಂದ ತೆಗೆಯಿತು. ಪತ್ರಕರ್ತರಿಗೆ ಸುಲಭವಾಗಿ ತೆರೆದಿದ್ದ ಒಂದು ಬಾಗಿಲು ಹಾಗೆ ಮುಚ್ಚಿತು.

ಬರೆಯುವವರಿಗೆ, ಫಾರ್ವರ್ಡ್ ಮಾಡುವವರಿಗೆ

ಕಚೇರಿಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಕಾಗದದ ನಕಲು ಪಡೆಯಿರಿ. ಸಂಘದವರಿಗೆ ಲಿಖಿತ ಪ್ರಶ್ನೆ ಕಳಿಸಿ, ಉತ್ತರಕ್ಕೆ ಸಮಯ ಕೊಡಿ. ಆಡಿಟ್ ತಡವಾಗಿದೆ ಎಂದರೆ ಹಣ ನುಂಗಿದ್ದಾರೆ ಎಂದಲ್ಲ. ಎರಡೂ ಬೇರೆ ಬೇರೆ. ಆಧಾರವಿಲ್ಲದ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಡಿ ಮಾನನಷ್ಟ ಕೇಸು ಬೀಳಬಹುದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಗಡಿಯ ಸಣ್ಣ ಸಂಘವೊಂದು ಒಂದು ಸುಳ್ಳು ಸುದ್ದಿಗೆ ಮುಚ್ಚಿಹೋದರೆ ಮತ್ತೆ ಏಳುವುದು ಕಷ್ಟ.

ವಂತಿಗೆ ಕೊಡುವ ಮೊದಲು ಕೇಳಿ

1. ನೋಂದಣಿ ಸಂಖ್ಯೆ ಎಷ್ಟು?
2. ಹಣ ಸಂಘದ ಖಾತೆಗೋ, ಯಾರದಾದರೂ ಸ್ವಂತ ನಂಬರಿಗೋ?
3. ನಂಬರ್ ಹಾಕಿದ ರಶೀದಿ ಇದೆಯೇ?
4. ಕಳೆದ ವರ್ಷದ ಜಮಾ-ಖರ್ಚು, ಅಢಾವೆ ಪತ್ರಿಕೆ ತೋರಿಸುತ್ತೀರಾ?
5. ಝಕಾತ್ ಹಣವನ್ನು ಬೇರೆಯೇ ಇಟ್ಟಿದ್ದೀರಾ?

ಲೆಕ್ಕ ಕೇಳಿದರೆ ಸಂಘದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಅಂಗಡಿಯಲ್ಲಿ ಗಿರಾಕಿ ಬಿಲ್ಲು ಕೇಳಿದರೆ ನಾವು ಕೊಡುವುದಿಲ್ಲವೇ? ಇದೂ ಹಾಗೆಯೇ. ನಮ್ಮ ಜಮಾಅತ್, ಯುವಕ ಸಂಘಗಳು ವಾರ್ಷಿಕ ಲೆಕ್ಕವನ್ನು ಕೇಳುವ ಮೊದಲೇ ನೋಟಿಸ್ ಬೋರ್ಡಿಗೆ ಹಚ್ಚಿದರೆ ಅರ್ಧ ಸಂಶಯ ಅಲ್ಲಿಗೇ ಮುಗಿಯುತ್ತದೆ.