ಅಗಸಿಯ ದಿಡ್ಡಿಯೂ ಮೋಟಾರಿನ ಕೀಲಿಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕರಿಮಣ್ಣಿನ ಸೀಮೆಯಲ್ಲಿ, ಅಮರ್ಜೆ ಭೀಮೆಯರ ನೀರನ್ನು ನೆಚ್ಚಿ ಬೆಳೆದ ಹಳೆಯ ಊರುಗಳ ರಚನೆಯನ್ನು ಅವಧಾನದಿಂದ ನೋಡಿದವರಿಗೆ, ನಮ್ಮ ಪೂರ್ವಿಕರು ಬಾಗಿಲಿನ ವಿಷಯವಾಗಿ ಎಷ್ಟು ದೂರ ಆಲೋಚಿಸಿದ್ದರೆಂಬುದು ಮನಸ್ಸಿಗೆ ಹೊಳೆಯದಿರದು. ಹೊತ್ತು ಮುಳುಗಿದ ಬಳಿಕ ಊರಬಾಗಿಲಾದ ಅಗಸಿಯ ಕದಗಳನ್ನು ಮುಚ್ಚಿ, ಗೋಡೆಯ ಪೊಟರೆಯಿಂದ ಅಗುಳಿಯ ತೊಲೆಯನ್ನೆಳೆದು ಅಡ್ಡವಿಟ್ಟರೆ, ಲೂಟಿಕಾರರ ಭಯವಿದ್ದ ಕಾಲದಲ್ಲಿಯೂ ಜನರೂ ದನಕರುಗಳೂ ನಿಶ್ಚಿಂತೆಯಿಂದ ರಾತ್ರಿಯನ್ನು ಕಳೆಯುತ್ತಿದ್ದುದುಂಟು. ಆದರೆ ಆ ಮಹಾಕದಗಳೊಂದರ ಮೈಯಲ್ಲಿಯೇ, ಮನುಷ್ಯನೊಬ್ಬನು ಬಾಗಿ ಹೊಗಬಹುದಾದಷ್ಟು ಗಾತ್ರದ ದಿಡ್ಡಿ ಬಾಗಿಲನ್ನು ಬಡಗಿಗಳು ಅಳವಡಿಸಿಡುತ್ತಿದ್ದರು. ಅಪರಾತ್ರಿಯಲ್ಲಿ ಸೂಲಗಿತ್ತಿಯನ್ನೋ ವೈದ್ಯನನ್ನೋ ಕರೆತರಬೇಕಾದಾಗ, ಊರಿನ ರಕ್ಷಣೆಗೆ ಭಂಗ ಬಾರದಂತೆ ಅದೊಂದೇ ತೆರೆಯುತ್ತಿತ್ತು. ಮುಚ್ಚುವ ಉಪಾಯವನ್ನು ಕಲ್ಪಿಸಿದವನು ಆಪತ್ಕಾಲದಲ್ಲಿ ತೆರೆಯುವ ಉಪಾಯವನ್ನೂ ಕಲ್ಪಿಸಿರಬೇಕೆಂಬ ವಿವೇಕವು ಆ ಮರಗೆಲಸದಲ್ಲಿ ಮೂರ್ತಗೊಂಡಿದೆ. ಇಂದು ತನ್ನಷ್ಟಕ್ಕೆ ತಾನೇ ಕೀಲಿ ಹಾಕಿಕೊಳ್ಳುವ ಬೆಲೆಬಾಳುವ ಮೋಟಾರು ವಾಹನಗಳವರೆಗೆ ಆ ವಿವೇಕವು ಹೇಗೆ ನಡೆದುಬಂದಿತು, ಎಲ್ಲಿ ಮರೆಯಾಯಿತು ಎಂಬುದನ್ನು ವಿಚಾರಿಸುವುದು ನಿಷ್ಪ್ರಯೋಜಕವಾಗಲಾರದು.

ಯಂತ್ರವಾಹನವು ಈ ಸೀಮೆಯನ್ನು ಮೊದಲು ಮುಟ್ಟಿದುದು ಕಬ್ಬಿಣದ ಹಳಿಗಳ ಮೇಲೆ. ಮುಂಬಯಿಯನ್ನೂ ಮದರಾಸನ್ನೂ ಕೂಡಿಸುವ ರೈಲುಮಾರ್ಗವು 1871ರಲ್ಲಿ ಕಲಬುರಗಿಯನ್ನು ಹಾದು ಪೂರ್ಣಗೊಂಡಿತು. ಈ ಸೀಮೆಯು ಆಗ ಸೇರಿದ್ದ ನಿಜಾಮ ಸಂಸ್ಥಾನದ ರೈಲ್ವೆಯವರು 1932ರ ಜೂನ್ ತಿಂಗಳಲ್ಲಿ 27 ಬಸ್ಸುಗಳಿಂದ ರಸ್ತೆಸಾರಿಗೆಯನ್ನು ಆರಂಭಿಸಿದರು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯು ಕನ್ನಡ ನಾಡಿನಲ್ಲಿ ಒಂದಾದ ಮೇಲೆ ಇಲ್ಲಿಯ ಸಾರಿಗೆಯೂ ಮೈಸೂರು ರಾಜ್ಯದ ವ್ಯವಸ್ಥೆಯೊಳಗೆ ಸೇರಿತು. ಆದರೆ ರಸ್ತೆ ಮುಗಿದಲ್ಲಿ ಬಸ್ಸು ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಎತ್ತಿನ ಬಂಡಿಯ ಗಾಲಿಯನ್ನು ಅಚ್ಚಿನವರೆಗೆ ನುಂಗುವ ಎರೆಮಣ್ಣಿನ ದಾರಿಯಲ್ಲಿ ಮುಂದೆ ಸಾಗಲು, ನಾಲ್ಕು ಗಾಲಿಗಳಿಗೂ ಯಂತ್ರಬಲವನ್ನು ಹಂಚುವ ವಾಹನವೊಂದು ಅವಶ್ಯವಾಗಿದ್ದಿತು.

ಎರಡನೆಯ ಮಹಾಯುದ್ಧವು ಸೃಷ್ಟಿಸಿದ ಜೀಪು ಆ ಕೊರತೆಯನ್ನು ತುಂಬಿತು. ಸ್ವಾತಂತ್ರ್ಯೋತ್ತರ ಭಾರತದಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯ ಮಹೀಂದ್ರ ಸಂಸ್ಥೆಯವರು ಜೋಡಿಸತೊಡಗಿದರು. ಯುದ್ಧಕಾಲದ ಆ ಜೀಪಿಗೆ ಬಾಗಿಲುಗಳೇ ಇರಲಿಲ್ಲವೆಂಬುದು ಗಮನಾರ್ಹ. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಮ್ ನಗರದ ಪ್ರದರ್ಶನದಲ್ಲಿ ಬೆಳಕು ಕಂಡ ಲ್ಯಾಂಡ್ ರೋವರ್ ಕೂಡ ರೈತನ ಗೆಯ್ಮೆಗಾಗಿ ನಿರ್ಮಿತವಾದುದಾದ್ದರಿಂದ, ಮೊದಮೊದಲು ಬಾಗಿಲನ್ನೂ ಮೇಲ್ಹೊದಿಕೆಯನ್ನೂ ಬೇಕಾದವರು ಪ್ರತ್ಯೇಕವಾಗಿ ಹಣ ಕೊಟ್ಟು ಕೊಳ್ಳಬೇಕಾಗಿದ್ದಿತು. ಇಂತಹ ವಾಹನಕ್ಕೆ ಕಾವಲೆಂದರೆ ಡ್ರೈವರನ ಎಚ್ಚರವೇ. ಬ್ಯಾಟರಿ ಸೋತರೂ ಆತನು ಅಸಹಾಯನಾಗುತ್ತಿರಲಿಲ್ಲ. ಮುಂಭಾಗದ ರಂಧ್ರದಲ್ಲಿ ಹ್ಯಾಂಡಲ್ ತೂರಿಸಿ ಎಂಜಿನನ್ನು ತಿರುವುತ್ತಿದ್ದನು, ಇಲ್ಲವೆ ನಾಲ್ವರನ್ನು ಕೂಗಿ ಗಾಡಿಯನ್ನು ತಳ್ಳಿಸುತ್ತಿದ್ದನು.

ಆ ಬ್ಯಾಟರಿಯ ಚರಿತ್ರೆ ಮೋಟಾರಿಗಿಂತಲೂ ಪ್ರಾಚೀನವಾದುದು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಎಂಬ ವಿಜ್ಞಾನಿಯು ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಬರಿದಾದ ಮೇಲೂ ಮರಳಿ ತುಂಬಬಹುದಾದ ವಿದ್ಯುತ್ಕೋಶವನ್ನು ನಿರ್ಮಿಸಿದನು. 1881ರಲ್ಲಿ ಕಾಮಿಲ್ ಫೋರನು ಸೀಸದ ತಟ್ಟೆಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಬಳಿದು ಅದರ ಧಾರಣಶಕ್ತಿಯನ್ನು ಹೆಚ್ಚಿಸಿದನು. ಅಮೆರಿಕದ ಚಾರ್ಲ್ಸ್ ಕೆಟರಿಂಗನು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗ, ಹಿಮ್ಮೊಗವಾಗಿ ಹೊಡೆದು ಎಷ್ಟೋ ಜನರ ಮುಂಗೈ ಮುರಿದಿದ್ದ ಹ್ಯಾಂಡಲಿನ ಆಳ್ವಿಕೆಯು ಕೊನೆಗಾಣತೊಡಗಿತು. ಒಂದೊಂದು ಕೋಶವು ಸುಮಾರು 2 ವೋಲ್ಟ್ ಕೊಡುವುದರಿಂದ, ಆರು ಕೋಶಗಳನ್ನು ಸರಣಿಯಾಗಿ ಕೂಡಿಸಿದಾಗ ಇಂದಿನ 12 ವೋಲ್ಟಿನ ಬ್ಯಾಟರಿಯಾಗುತ್ತದೆ. ಪೂರ್ಣ ತುಂಬಿ ವಿಶ್ರಮಿಸಿದ ಸ್ಥಿತಿಯಲ್ಲಿ ಅದು 12.6 ವೋಲ್ಟಿನಷ್ಟು ತೋರಿಸುವುದು. ಶಕ್ತಿ ವ್ಯಯವಾದಂತೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಕಟ್ಟಿ, ಆಮ್ಲವು ನೀರಾಗುತ್ತ ಬರುತ್ತದೆ. ಬಹುಕಾಲ ಹಾಗೆಯೇ ಬಿಟ್ಟರೆ ಆ ಪದರವು ಗಟ್ಟಿಯಾಗಿ ತಟ್ಟೆಗಳು ಮತ್ತೆ ಜೀವ ತಳೆಯಲಾರವು.

ಬರಿದಾದುದನ್ನು ಮರಳಿ ತುಂಬಬಹುದೆಂಬ ತತ್ತ್ವದ ಆಧಾರದಿಂದಲೇ ನಮ್ಮ ತಾಲ್ಲೂಕು ಸ್ಥಳಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವವರ ಕಸುಬು ಬೇರೂರಿತು. ಆಮ್ಲದ ತೂತುಗಳಿಂದ ಜರ್ಜರಿತವಾದ ಅಂಗಿಯನ್ನು ತೊಟ್ಟು, ಹೈಡ್ರೋಮೀಟರಿನಿಂದ ದ್ರವವನ್ನು ಹೀರಿ ಅದರ ಸಾಂದ್ರತೆಯನ್ನು ಅಳೆದು, ಡಿಸ್ಟಿಲ್ಡ್ ವಾಟರ್ ಹುಯ್ದು, ರಾತ್ರಿಯಿಡೀ ಚಾರ್ಜಿಗಿಟ್ಟು ಬೆಳಗಾಗುವಷ್ಟರಲ್ಲಿ ಲಾರಿಗೋ ಟ್ರ್ಯಾಕ್ಟರಿಗೋ ಸಿದ್ಧಗೊಳಿಸಿಕೊಡುತ್ತಿದ್ದ ಆ ಕುಶಲಿಗಳ ಹೆಸರನ್ನು ಯಾವ ಇತಿಹಾಸವೂ ದಾಖಲಿಸಿಲ್ಲ. ಆದರೂ ತೊಗರಿಯ ಸುಗ್ಗಿಯು ಮಾರುಕಟ್ಟೆಗೆ ಸಕಾಲದಲ್ಲಿ ತಲುಪಿದುದರಲ್ಲಿ ಅವರ ಪಾಲು ಅಲ್ಪವಾದುದಲ್ಲ. ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿಯನ್ನು ಮೀರುವ ಈ ಸೀಮೆಯಲ್ಲಿ ದ್ರವವು ಬೇಗನೆ ಆರುವುದೆಂದೂ, ಒಳಗಿನ ಸೀಸವು ಶೀಘ್ರವಾಗಿ ಸವೆಯುವುದೆಂದೂ, ಆದುದರಿಂದ ತಂಪು ನಾಡಿನ ಬ್ಯಾಟರಿಯಷ್ಟು ಆಯುಸ್ಸನ್ನು ಇಲ್ಲಿ ನಿರೀಕ್ಷಿಸಲಾಗದೆಂದೂ ಅವರು ಅನುಭವದಿಂದಲೇ ಬಲ್ಲವರಾಗಿದ್ದರು.

ಇತ್ತ ಬಾಗಿಲಿನ ಕೀಲಿಯೂ ಕ್ರಮೇಣ ವಿದ್ಯುತ್ತಿನ ಅಧೀನವಾಯಿತು. 1956ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಿಗೆ ವಿದ್ಯುತ್ ಚಾಲಿತ ಕೀಲಿಗಳು ಬಂದುವು. 1982ರಲ್ಲಿ ಫ್ರಾನ್ಸಿನ ರೆನೊ ಸಂಸ್ಥೆಯ ಫುಯೇಗೊ ಕಾರನ್ನು ದೂರದಿಂದಲೇ ಗುಂಡಿಯೊತ್ತಿ ತೆರೆಯಬಹುದಾಯಿತು. ಅದಕ್ಕೂ ಮೊದಲು 1970ರಲ್ಲಿ ಹೊರಬಂದ ರೇಂಜ್ ರೋವರ್, ಹೊಲದ ಕೆಸರಿಗೂ ನಗರದ ವೈಭವಕ್ಕೂ ಸಮನಾಗಿ ಒಗ್ಗುವ ವಾಹನವೆಂಬ ಕಲ್ಪನೆಯನ್ನು ಲೋಕಕ್ಕೆ ಪರಿಚಯಿಸಿತಾದರೂ, ಅದರ ಆರಂಭದ ಒಳಾಂಗಣವು ನೀರು ಹೊಡೆದು ತೊಳೆಯಬಹುದಾದಷ್ಟು ಸರಳವಾಗಿತ್ತು. ಚರ್ಮದ ಆಸನಗಳೂ ನಾನಾ ವಿದ್ಯುದ್ಯಂತ್ರಗಳೂ ಅನಂತರದ ದಶಕಗಳಲ್ಲಿ ಅದರೊಳಗೆ ನೆಲೆಗೊಂಡುವು. ಅದನ್ನು ತಯಾರಿಸುವ ಲ್ಯಾಂಡ್ ರೋವರ್ ಸಂಸ್ಥೆಯು 2008ರಲ್ಲಿ ಟಾಟಾ ಮೋಟರ್ಸಿನ ಸ್ವಾಮ್ಯಕ್ಕೆ ಬಂದಿತು. ಈಗಿನ ಅನೇಕ ವಾಹನಗಳಲ್ಲಿ ಗಾಲಿಯ ವೇಗವು ಗೊತ್ತಾದ ಮಿತಿಯನ್ನು ದಾಟಿದೊಡನೆ ಸಣ್ಣ ಮೋಟಾರುಗಳು ನಾಲ್ಕು ಬಾಗಿಲುಗಳನ್ನೂ ಬಂಧಿಸುತ್ತವೆ. ಅಪಘಾತವಾಗಿ ಗಾಳಿಚೀಲಗಳು ಬಿಚ್ಚಿಕೊಂಡರೆ, ಗಾಯಾಳುಗಳನ್ನು ಹೊರತೆಗೆಯಲೆಂದು ಅದೇ ಯಂತ್ರವು ಕೀಲಿಗಳನ್ನು ಬಿಡಿಸುತ್ತದೆ. ಮಕ್ಕಳು ಓಡುವ ಗಾಡಿಯ ಬಾಗಿಲನ್ನು ತೆರೆಯದಂತೆ ಕಾಯುವ ಈ ಏರ್ಪಾಡಿನ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಸಮಸ್ತ ದ್ವಾರಗಳ ಕಾವಲೂ ಒಂದೇ ಸೀಸದ ಪೆಟ್ಟಿಗೆಗೆ ವಹಿಸಲ್ಪಟ್ಟಿರುವುದರಿಂದ, ಆ ಪೆಟ್ಟಿಗೆಯು ಬರಿದಾದ ದಿನ ಒಡೆಯನೇ ತನ್ನ ವಾಹನದ ಹೊರಗೆ ನಿಲ್ಲಬೇಕಾಗುತ್ತದೆ. ನಿಂತ ವಾಹನದಲ್ಲಿಯೂ ಗಡಿಯಾರ, ಕಳ್ಳರೆಚ್ಚರಿಕೆಯ ಘಂಟೆ ಮೊದಲಾದುವು ಕಿಂಚಿತ್ ವಿದ್ಯುತ್ತನ್ನು ಸತತವಾಗಿ ಹೀರುತ್ತಿರುವುದರಿಂದ, ಯಜಮಾನನು ಪುಣೆಗೋ ಬೆಂಗಳೂರಿಗೋ ಹೋಗಿ ಗಾಡಿಯು ನಮ್ಮ ಸೀಮೆಯ ಮಟಕಿಯಂತಹ ಊರಿನ ಅಂಗಳದಲ್ಲಿ ವಾರಗಟ್ಟಲೆ ನಿಂತರೆ ಈ ಸಂಕಟವು ಸಹಜವೇ. ಬ್ಯಾಟರಿಯನ್ನು ಬದಲಾಯಿಸಲು ಬಾನೆಟ್ ತೆರೆಯಬೇಕು. ಬಾನೆಟಿನ ಹಿಡಿಯು ಒಳಗಿರುವುದರಿಂದ ಮೊದಲು ಬಾಗಿಲು ತೆರೆಯಬೇಕು. ಮೊದಲ ತಲೆಮಾರಿನ ಪೋರ್ಷೆ ಕಯೆನ್ ವಾಹನದಲ್ಲಿಯಂತೂ ಬ್ಯಾಟರಿಯು ಡ್ರೈವರನ ಆಸನದ ಕೆಳಗೇ ಅಡಗಿದೆ. ಈ ಸಂಕಟವನ್ನು ಮುಂಗಂಡ ನಿರ್ಮಾತೃಗಳು ರಿಮೋಟಿನ ಗರ್ಭದಲ್ಲಿ ಲೋಹದ ಕೀಲಿಕೈಯೊಂದನ್ನು ಹುದುಗಿಸಿ, ಬಾಗಿಲಿನ ಹಿಡಿಯ ಬಳಿ, ಅನೇಕ ವಾಹನಗಳಲ್ಲಿ ಪುಟ್ಟ ಮುಚ್ಚಳದ ಮರೆಯಲ್ಲಿ, ಅದಕ್ಕೊಂದು ರಂಧ್ರವನ್ನು ಉಳಿಸಿದ್ದಾರೆ. ಅಗಸಿಯ ದಿಡ್ಡಿ ಬಾಗಿಲಿನ ಸ್ಥಾನದಲ್ಲಿ ಈಗ ನಿಂತಿರುವುದು ಅದೇ.

ಬ್ಯಾಟರಿಯನ್ನು ಬದಲಾಯಿಸುವ ಕ್ರಮದಲ್ಲಿಯೂ ಹಳೆಯ ಮೇಸ್ತ್ರಿಗಳ ನಿಯಮವು ಇಂದಿಗೂ ಅಬಾಧಿತವಾಗಿದೆ. ಮೊದಲು ಮೈನಸ್ ತಂತಿಯನ್ನೇ ಕಳಚಬೇಕು, ಏಕೆಂದರೆ ಅದು ಗಾಡಿಯ ಮೈಗೆ ಸೇರಿರುವುದರಿಂದ, ಪ್ಲಸ್ ತಂತಿಯನ್ನು ಮೊದಲು ಬಿಚ್ಚುವಾಗ ಪಾನಾ ಕಬ್ಬಿಣಕ್ಕೆ ತಾಗಿದರೆ ಕಿಡಿ ಹಾರುವುದು. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಹೊಸ ಕಾಲವು ಇದಕ್ಕೆ ಕೂಡಿಸಿದ ಎಚ್ಚರಿಕೆಗಳೆಂದರೆ, ಕೀಲಿಕೈಯನ್ನು ಗಾಡಿಯೊಳಗೆ ಬಿಡದೆ ಕೈಯಲ್ಲಿಯೇ ಇಟ್ಟುಕೊಳ್ಳುವುದು, ಒಂದು ಕಿಟಕಿಯನ್ನು ಇಳಿಸಿರುವುದು, ಮತ್ತು ವಿದ್ಯುತ್ ಮರಳಿದ ಬಳಿಕ ಗಡಿಯಾರ ಕಿಟಕಿಗಳಿಗೆ ಅವುಗಳ ಮರೆತ ಪಾಠವನ್ನು ಪುನಃ ಕಲಿಸುವುದು. ತೆಗೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಮಾರಿದವನಿಗೋ ಗೊತ್ತುಪಡಿಸಿದ ಸಂಗ್ರಹಕೇಂದ್ರಕ್ಕೋ ಒಪ್ಪಿಸಬೇಕೆಂಬುದು, 2022ರಲ್ಲಿ ಹೊಸ ನಿಯಮಗಳಿಗೆ ಎಡೆಮಾಡಿದ 2001ರ ಬ್ಯಾಟರಿ ನಿಯಮಗಳಿಂದಲೇ ಕಾನೂನಾಯಿತು. ಸೀಸವು ಮಣ್ಣಿಗೂ ಬಾವಿಗೂ ವಿಷವಾದುದರಿಂದ ಕೃಷಿಕರ ನಾಡಿಗೆ ಇದು ಪ್ರಾಣರಕ್ಷಣೆಯ ವಿಷಯ.

ಅಗಸಿಯ ಕಾವಲುಗಾರನಿಗೆ ದಿಡ್ಡಿಯ ಚಿಲಕ ಎಲ್ಲಿದೆಯೆಂಬುದು ಕತ್ತಲಲ್ಲಿಯೂ ಗೊತ್ತಿದ್ದಿತು, ಏಕೆಂದರೆ ಆ ಜ್ಞಾನವು ಅವನ ಹುದ್ದೆಯ ಅಂಗವಾಗಿದ್ದಿತು. ಇಂದು ಗುಪ್ತ ಕೀಲಿಕೈ ಇದೆ, ಅದರ ಜ್ಞಾನವು ಮಾತ್ರ ಒಡೆಯನವರೆಗೆ ಬಂದಿಲ್ಲ. ವಾಹನದೊಡನೆ ಕೊಟ್ಟ ಪುಸ್ತಕವು ತೆರೆಯದೆಯೇ ಹಳತಾಗುತ್ತಿದೆ. ಆದುದರಿಂದ ಗಾಡಿಯನ್ನು ಕೊಳ್ಳುವವನು ಮೊದಲ ದಿನವೇ ಲೋಹದ ಕೀಲಿಕೈಯಿಂದ ಬಾಗಿಲನ್ನು ತೆರೆದು ನೋಡುವುದೂ, ಮನೆಯವರೆಲ್ಲರಿಗೂ ಅದನ್ನು ತೋರಿಸಿಕೊಡುವುದೂ, ನಮ್ಮ ತಾಲ್ಲೂಕುಗಳ ಐಟಿಐಗಳಲ್ಲಿ ಹಳೆಯ ಬ್ಯಾಟರಿ ಕಸುಬುದಾರರ ಅನುಭವವನ್ನು ಹೊಸ ವಿದ್ಯೆಯೊಡನೆ ಬೋಧಿಸುವುದೂ ಕರ್ತವ್ಯವೆಂದು ನಾವು ಭಾವಿಸಬೇಕು. ಯಂತ್ರಕ್ಕೆ ಕಾವಲನ್ನು ವಹಿಸಿಕೊಡುವುದರಲ್ಲಿ ದೋಷವಿಲ್ಲ; ಆದರೆ ಕಾವಲಿನ ಅರಿವನ್ನೂ ಅದಕ್ಕೇ ಒಪ್ಪಿಸಿ ಕೈಕಟ್ಟಿ ಕೂಡುವ ಸಮಾಜವು ತನ್ನ ಮನೆಯ ಬಾಗಿಲಿನ ಮೇಲಿನ ಅಧಿಕಾರವನ್ನು ಕಳೆದುಕೊಳ್ಳುತ್ತದೆ.