ಅರ್ಪಣೆ ಮತ್ತು ಅಪಚಾರ: 1862ರ ಮುಂಬಯಿ ಮೊಕದ್ದಮೆ

ಗುರುವಿಗೆ ತನು, ಲಿಂಗಕ್ಕೆ ಮನ, ಜಂಗಮಕ್ಕೆ ಧನ ಎಂಬ ತ್ರಿವಿಧ ದಾಸೋಹದ ತತ್ತ್ವವು ಶರಣಸಾಹಿತ್ಯದ ಓದುಗರಿಗೆ ಸುಪರಿಚಿತವಾದುದು. ತನು, ಮನ, ಧನ ಎಂಬ ಇದೇ ಮೂರು ಶಬ್ದಗಳ ಅರ್ಥವು ನ್ಯಾಯಾಲಯವೊಂದರಲ್ಲಿ ಚರ್ಚೆಗೆ ಬಂದ ಪ್ರಸಂಗ ನಮ್ಮ ದೇಶದ ಇತಿಹಾಸದಲ್ಲಿದೆ. 1862ರಲ್ಲಿ ಮುಂಬಯಿಯ ಅಂದಿನ ಸುಪ್ರೀಂ ಕೋರ್ಟಿನಲ್ಲಿ ನಡೆದ ಮಹಾರಾಜ ಮಾನಹಾನಿ ಮೊಕದ್ದಮೆಯೇ ಅದು. ಅದು ವೈಷ್ಣವ ಪಂಥವೊಂದಕ್ಕೆ ಸಂಬಂಧಿಸಿದುದಾದರೂ, ಗುರುಪೀಠವನ್ನು ಗೌರವಿಸುವ ಯಾವ ಸಮಾಜವೂ ಅದನ್ನು ಪರರ ಕಥೆಯೆಂದು ಬದಿಗಿಡಲಾಗದು.

ಶ್ರೀ ವಲ್ಲಭಾಚಾರ್ಯರಿಂದ ಪ್ರವರ್ತಿತವಾದ ಪುಷ್ಟಿಮಾರ್ಗವು ಕೃಷ್ಣಭಕ್ತಿಯ ಉಜ್ವಲ ಪರಂಪರೆಗಳಲ್ಲಿ ಒಂದು. ದೀಕ್ಷಾಕಾಲದಲ್ಲಿ ಭಕ್ತನು ತನ್ನ ತನು, ಮನ, ಧನಗಳನ್ನು ಶ್ರೀಕೃಷ್ಣನಿಗೆ ಸಮರ್ಪಿಸುವುದು ಅಲ್ಲಿಯ ವಿಧಿ. ಆಚಾರ್ಯರ ವಂಶಜರೇ ಅಲ್ಲಿ ಗುರುಗಳು. ಅವರಿಗೆ ‘ಮಹಾರಾಜ’ರೆಂದು ಹೆಸರು. ಗುರುತ್ವವು ಸಾಧನೆಯಿಂದಲ್ಲದೆ ಜನ್ಮದಿಂದಲೇ ಪ್ರಾಪ್ತವಾಗುತ್ತಿದ್ದ ಆ ವ್ಯವಸ್ಥೆಯಲ್ಲಿ ಮಹಾರಾಜರನ್ನು ಕೃಷ್ಣಸ್ವರೂಪರೆಂದೇ ಭಾವಿಸಲಾಗುತ್ತಿತ್ತು. ಈ ಭಾವನೆಯನ್ನು ಕೆಲವರು ದುರುಪಯೋಗಪಡಿಸಿಕೊಂಡು, ಭಕ್ತರ ಮನೆಯ ಹೆಣ್ಣುಮಕ್ಕಳನ್ನು ತಮ್ಮ ಕಾಮಕ್ಕೆ ಗುರಿಮಾಡಿದರು. ದೇವರಿಗೆ ಸಲ್ಲಬೇಕಾದ ಅರ್ಪಣೆಯನ್ನು ನಡುವೆ ನಿಂತವನು ತನ್ನದಾಗಿಸಿಕೊಂಡುದೇ ಇಲ್ಲಿಯ ಮೂಲದೋಷ.

ಇದನ್ನು ಬಯಲಿಗೆಳೆದವರು ಅದೇ ಪಂಥದ ಮನೆತನದಲ್ಲಿ 1832ರಲ್ಲಿ ಜನಿಸಿದ ಕರಸನದಾಸ ಮೂಳಜಿ. ತಮ್ಮ ‘ಸತ್ಯಪ್ರಕಾಶ’ ಎಂಬ ಗುಜರಾತಿ ಪತ್ರಿಕೆಯಲ್ಲಿ ಅವರು 1860ರಲ್ಲಿ ಬರೆದ ಲೇಖನವೊಂದು ಮಹಾರಾಜರ ನಡತೆಯನ್ನು ನೇರವಾಗಿ ಖಂಡಿಸಿತು. ಅದರಲ್ಲಿ ಹೆಸರಿಸಲ್ಪಟ್ಟ ಜದುನಾಥಜಿ ಬ್ರಿಜರತನಜಿ ಮಹಾರಾಜರು 1861ರಲ್ಲಿ ಕರಸನದಾಸರ ಮೇಲೂ ಮುದ್ರಕರಾದ ನಾನಾಭಾಯಿ ರುಸ್ತುಂಜಿ ರಾಣೀನಾ ಅವರ ಮೇಲೂ 50,000 ರೂಪಾಯಿಗಳ ಪರಿಹಾರ ಕೋರಿ ದಾವೆ ಹೂಡಿದರು.

ಮಹಾರಾಜರ ಅನುಯಾಯಿಗಳಲ್ಲಿ ಪ್ರಬಲರಾಗಿದ್ದ ಭಾಟಿಯಾ ಸಮುದಾಯದ ಮುಖಂಡರು ಆಗ ನಡೆದುಕೊಂಡ ರೀತಿಯು ವಿಶೇಷವಾಗಿ ವಿಚಾರಾರ್ಹವಾಗಿದೆ. ಗುರುವಿನ ವಿರುದ್ಧ ಸಾಕ್ಷಿ ನುಡಿದವರಿಗೆ ಜಾತಿಬಹಿಷ್ಕಾರವೆಂದು ಅವರು ಸಭೆ ಸೇರಿ ನಿರ್ಧರಿಸಿದರು. ಸ್ವತಃ ದುರಾಚಾರಿಗಳಲ್ಲದ, ವ್ಯಾಪಾರದಲ್ಲಿ ಪ್ರಾಮಾಣಿಕರೆನಿಸಿಕೊಂಡ, ಹೆಣ್ಣುಮಕ್ಕಳ ತಂದೆಯರೇ ಆಗಿದ್ದ ಗೃಹಸ್ಥರು ಮತದ ಮಾನವನ್ನು ಕಾಯುತ್ತಿರುವೆವೆಂದು ನಂಬಿ ಸತ್ಯದ ಬಾಯಿಗೆ ಬೀಗ ಹಾಕಲು ಹೊರಟರು. ಕರಸನದಾಸರು ಇದನ್ನು ಪ್ರಶ್ನಿಸಲು, ಸಾಕ್ಷಿಗಳನ್ನು ತಡೆಯುವ ಒಳಸಂಚೆಂದು ತೀರ್ಮಾನವಾಗಿ ಆ ಮುಖಂಡರಿಗೆ ದಂಡ ವಿಧಿಸಲಾಯಿತು.

ಮುಖ್ಯ ವಿಚಾರಣೆ 1862ರ ಜನವರಿ 25ರಂದು ಆರಂಭವಾಯಿತು. ಡಾ. ಭಾವು ದಾಜಿಯವರಂತಹ ಹೆಸರಾಂತ ವೈದ್ಯರು, ಮಹಾರಾಜರಿಗೆ ಲೈಂಗಿಕ ರೋಗಕ್ಕಾಗಿ ಚಿಕಿತ್ಸೆ ನೀಡಿದುದನ್ನು ಸಾಕ್ಷ್ಯವಾಗಿ ನುಡಿದರು. ಪಂಥದೊಳಗಿನ ಕೆಲವು ಗೃಹಸ್ಥರೂ ಬಹಿಷ್ಕಾರದ ಭಯವನ್ನು ಮೀರಿ ಕಂಡುದನ್ನು ಹೇಳಿದರು. ಏಪ್ರಿಲ್ 22ರಂದು ಮುಖ್ಯ ನ್ಯಾಯಮೂರ್ತಿ ಸರ್ ಮ್ಯಾಥ್ಯೂ ಸಾಸ್ ಹಾಗೂ ಸರ್ ಜೋಸೆಫ್ ಆರ್ನಾಲ್ಡ್ ತೀರ್ಪಿತ್ತರು. ಲೇಖನದ ಆರೋಪಗಳು ನಿಜವೆಂಬ ಪ್ರತಿವಾದಿಯ ಸಮರ್ಥನೆಯು ಸ್ಥಿರಪಟ್ಟಿತು. ಖರ್ಚಿನ ಬಾಬ್ತು 11,500 ರೂಪಾಯಿಗಳನ್ನು ಕರಸನದಾಸರಿಗೆ ಕೊಡಿಸಲಾಯಿತು. ಇದು ಶಾಸ್ತ್ರಾರ್ಥದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ನೀತಿಗೆ ವಿರುದ್ಧವಾದುದು ಧರ್ಮದ ಹೆಸರಿನಿಂದ ಸಾಧುವಾಗದು ಎಂಬುದು ಆರ್ನಾಲ್ಡರ ನಿಲುವಿನ ತಿರುಳು.

ಈ ವಿಜಯವನ್ನು ಕೊಂಡಾಡುವಾಗ ಅದರ ಕೊರತೆಯನ್ನೂ ಮರೆಯಲಾಗದು. ಕಟಕಟೆಯಲ್ಲಿ ನಿಂತವನು ಸತ್ಯ ಬರೆದ ಪತ್ರಕರ್ತನೇ ಹೊರತು ಅಪಚಾರವೆಸಗಿದವನಲ್ಲ. ವೈದ್ಯರು ನುಡಿದರು, ವರ್ತಕರು ನುಡಿದರು, ಪಂಡಿತರು ವಾದಿಸಿದರು. ಆದರೆ ನೊಂದ ಹೆಣ್ಣುಮಕ್ಕಳ ಮಾತು ಅಲ್ಲಿ ಕೇಳಿಬರಲಿಲ್ಲ. ಮಾನಹಾನಿಯ ದಾವೆಯಾದುದರಿಂದ ಅವರಿಗೆ ಪರಿಹಾರವೂ ಇಲ್ಲ, ಅಪರಾಧಿಗೆ ಶಿಕ್ಷೆಯೂ ಇಲ್ಲ. ಸತ್ಯವು ಗೆದ್ದಿತು, ನ್ಯಾಯವು ಅರ್ಧದಾರಿಯಲ್ಲೇ ನಿಂತಿತು.

ನಮ್ಮ ಶರಣರ ತತ್ತ್ವದ ಬೆಳಕಿನಲ್ಲಿ ಇದನ್ನು ಪರಿಶೀಲಿಸಬೇಕು. ತನುವನ್ನು ಗುರುವಿಗೆ ಅರ್ಪಿಸುವುದೆಂದರೆ ಸೇವೆಯಿಂದ, ಸದಾಚಾರದಿಂದ ದೇಹವನ್ನು ಪಾವನಗೊಳಿಸುವುದು. ಶಿಷ್ಯನ ಶರೀರದ ಮೇಲೆ ಗುರುವಿಗೆ ಒಡೆತನ ದೊರೆಯುವುದೆಂದಲ್ಲ. ಅಂಬಿಗರ ಚೌಡಯ್ಯನಂತಹ ವಚನಕಾರರು ಆಚಾರಹೀನ ವೇಷಧಾರಿಗಳನ್ನು ನಿಷ್ಠುರವಾಗಿ ಜರೆದರು. ಅದರಿಂದ ಗುರುತತ್ತ್ವಕ್ಕೆ ಕುಂದು ಬಂದಿತೆಂದು ಯಾರೂ ಹೇಳಲಾರರು. ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಅನಾಚಾರವನ್ನು ಸಹಿಸದಿರುವುದು ಗಣಾಚಾರವೇ ಹೊರತು, ಅನಾಚಾರವನ್ನು ತಿಳಿಸಿದವರನ್ನು ಸಹಿಸದಿರುವುದಲ್ಲ. ಮುಂಬಯಿಯ ಆ ಮುಖಂಡರು ಅರಿಯದೆಹೋದುದು ಈ ಅಂತರವನ್ನೇ.

ಅನ್ನ, ಅಕ್ಷರ, ಆಶ್ರಯಗಳನ್ನು ನೀಡುವ ಧರ್ಮಸಂಸ್ಥೆಗಳಿಗೆ ಈ ವಿವೇಕವು ಇಂದು ಅತ್ಯಗತ್ಯ. ತಂದೆತಾಯಿಗಳು ಮಗುವನ್ನು ಪ್ರಸಾದನಿಲಯದಲ್ಲಿ ಬಿಟ್ಟುಹೋಗುವುದು ಕಾವಿಯ ಮೇಲಿನ ವಿಶ್ವಾಸದಿಂದ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ಅರಿತ ಪ್ರತಿಯೊಬ್ಬರೂ ಅದನ್ನು ಪೊಲೀಸರಿಗೆ ತಿಳಿಸಲೇಬೇಕು; ತನ್ನ ಕೈಕೆಳಗಿನವನ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. ಹಿರಿಯರು ಕುಳಿತು ಒಳಗೊಳಗೇ ಇತ್ಯರ್ಥಪಡಿಸುವ ಅವಕಾಶ ಇಲ್ಲಿಲ್ಲ. ಆದರೆ ನೊಂದ ಮಗು ಬಾಯಿಬಿಟ್ಟಾಗ ಮೊದಲು ಕೇಳುವ ಕಿವಿ ಕಾಯಿದೆಯದಲ್ಲ, ನಮ್ಮದು. ಆ ಮಾತನ್ನು ಪೀಠದ ನಿಂದೆಯೆಂದು ತಳ್ಳಿಹಾಕದೆ ಗೌರವದಿಂದ ಕೇಳಿ, ಆ ಮಗುವಿನ ಪಕ್ಕದಲ್ಲಿ ನಿಲ್ಲುವುದೇ ಪೀಠಕ್ಕೆ ಭಕ್ತನು ಸಲ್ಲಿಸಬಹುದಾದ ನಿಜವಾದ ದಾಸೋಹ.